ಪಲ್ಸಾರ್‌ನಿಂದ ಗ್ಯಾಲಕ್ಸಿಯ ಎಳೆತ: ಗಡಿಯಾರಕ್ಕಿಂತ ದೂರದ್ದೇ ತೊಂದರೆ

ಸರ್, ಜಯನಗರದ ತಾರಸಿ ಮೇಲೆ 3 ಮೀಟರ್ ಡಿಶ್ ಇಟ್ಟು, ಪಲ್ಸಾರ್ (ತಿರುಗುತ್ತಾ ಗಡಿಯಾರದಂತೆ ರೇಡಿಯೊ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ) ಹಿಡಿದು ಗ್ಯಾಲಕ್ಸಿಯ ಗುರುತ್ವ ವೇಗೋತ್ಕರ್ಷ ಅಳೆಯಬಹುದಾ ಅಂತ ಕೇಳಿದ್ದೀರಿ. ಡಿಶ್‌ನಿಂದ ಆಗಲ್ಲ. ಗ್ಯಾಲಕ್ಸಿಯ ಎಳೆತದಿಂದ ಸೂರ್ಯನ ವೇಗ ಬದಲಾಗುವುದು ಹತ್ತು ವರ್ಷಕ್ಕೆ ಸೆಕೆಂಡಿಗೆ ಸುಮಾರು 7 ಸೆಂಟಿಮೀಟರ್ ಅಷ್ಟೇ. ಆದರೆ ದೊಡ್ಡ ದೂರದರ್ಶಕಗಳು ವರ್ಷಗಟ್ಟಲೆ ಅಳೆದ ಅಂಕಿಗಳು ಆಸ್ಟ್ರೇಲಿಯಾದ ಎಟಿಎನ್‌ಎಫ್ ಸಂಸ್ಥೆಯ ಪಲ್ಸಾರ್ ಕ್ಯಾಟಲಾಗ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪೈಥಾನ್ ಬಂದರೆ ಮನೆಯಲ್ಲೇ ಲೆಕ್ಕ ಹಾಕಬಹುದು.

ಪಲ್ಸಾರ್ ತನ್ನ ಸುತ್ತ ತಿರುಗುವ ಅವಧಿಯನ್ನು ನೆಚ್ಚಬೇಡಿ. ಕಾಂತಕ್ಷೇತ್ರದ ಬ್ರೇಕಿಗೆ ಅದು ತಾನಾಗೇ ನಿಧಾನವಾಗುತ್ತೆ. ಸಂಗಾತಿ ನಕ್ಷತ್ರದ ಜೊತೆ ಸುತ್ತುವ ಜೋಡಿ ಪಲ್ಸಾರ್‌ನ ಕಕ್ಷಾವಧಿ ತಗೊಳ್ಳಿ, ಅದು ಬದಲಾಗುವ ದರವೇ ಪಿಬಿಡಾಟ್. ಅದರಿಂದ ಗುರುತ್ವ ತರಂಗದ ಪಾಲು (ಶಕ್ತಿ ಸೋರಿ ಕಕ್ಷೆ ಕುಗ್ಗುವುದು) ಮತ್ತು ಶ್ಕ್ಲೋವ್‌ಸ್ಕಿ ಪಾಲು ಕಳೆಯಿರಿ. ಉಳಿದಿದ್ದನ್ನು ಕಕ್ಷಾವಧಿಯಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿದರೆ, ದೃಷ್ಟಿರೇಖೆಯಲ್ಲಿ ಪಲ್ಸಾರ್‌ಗೂ ಸೂರ್ಯನಿಗೂ ಇರುವ ವೇಗೋತ್ಕರ್ಷದ ವ್ಯತ್ಯಾಸ ಬರುತ್ತೆ.

ಶ್ಕ್ಲೋವ್‌ಸ್ಕಿ ಪಾಲು ಅಂದರೆ ಪಲ್ಸಾರ್ ಅಡ್ಡಕ್ಕೆ ಸರಿಯುವುದರಿಂದ ಬರುವ ತೋರಿಕೆಯ ಬದಲಾವಣೆ: ಸ್ವಚಲನೆಯ (ಆಕಾಶದಲ್ಲಿ ಸರಿಯುವ ಕೋನವೇಗದ) ವರ್ಗ × ದೂರ × ಕಕ್ಷಾವಧಿ ÷ ಬೆಳಕಿನ ವೇಗ. ಎಡವುವುದು ಇಲ್ಲೇ. ಜೆ0437-4715 ಎಂಬ ಜೋಡಿ ಪಲ್ಸಾರ್ ನೋಡಿ: ಅವಧಿ 5.74 ದಿನ, ಸ್ವಚಲನೆ ವರ್ಷಕ್ಕೆ 141 ಮಿಲಿ ಆರ್ಕ್‌ಸೆಕೆಂಡ್, ದೂರ ಸುಮಾರು 157 ಪಾರ್ಸೆಕ್ (1 ಪಾರ್ಸೆಕ್ ಅಂದರೆ ಸುಮಾರು 3.26 ಜ್ಯೋತಿರ್ವರ್ಷ). ಲೆಕ್ಕ ಹಾಕಿದರೆ 3.75×10⁻¹² ಬರುತ್ತೆ, ಅಳೆದ ಪಿಬಿಡಾಟ್ 3.73×10⁻¹². ಅಂದರೆ ಹೆಚ್ಚುಕಮ್ಮಿ ಪೂರ್ತಿ ಅದೇ! ದೂರ ಶೇ 1ರಷ್ಟು ತಪ್ಪಿದರೂ ವೇಗೋತ್ಕರ್ಷದಲ್ಲಿ 2.3×10⁻¹¹ ಮೀ/ಸೆ² ತಪ್ಪುತ್ತೆ. ಅಲ್ಲಿ ಗ್ಯಾಲಕ್ಸಿಯ ಡಿಸ್ಕ್‌ನ (ನಕ್ಷತ್ರಗಳ ಚಪ್ಪಟೆ ತಟ್ಟೆಯ) ಎಳೆತ ನಮ್ಮ ದಿಕ್ಕಿನಲ್ಲಿ ಅದರ ಅರ್ಧದಷ್ಟು ಮಾತ್ರ. ಅದಕ್ಕೇ ಈ ಪಲ್ಸಾರ್‌ಗೆ ಲೆಕ್ಕ ತಿರುಗಿಸಿ, ಪಿಬಿಡಾಟ್‌ನಿಂದಲೇ ದೂರ ತೆಗೆಯುತ್ತಾರೆ. ಆ ದೂರವನ್ನು ಮತ್ತೆ ಇದೇ ಸೂತ್ರಕ್ಕೆ ಹಾಕಿದರೆ ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ. ಪ್ಯಾರಲ್ಯಾಕ್ಸ್‌ನಿಂದ (ಭೂಮಿ ಸೂರ್ಯನನ್ನು ಸುತ್ತುವಾಗ ಪಲ್ಸಾರ್‌ನ ಸ್ಥಾನ ಸರಿದಂತೆ ಕಾಣುವುದರಿಂದ) ಬಂದ ದೂರ ಮಾತ್ರ ಹಾಕಿ. ಎಲೆಕ್ಟ್ರಾನ್ ಸಾಂದ್ರತೆಯ ಮಾದರಿಯಿಂದ ಊಹಿಸಿದ ದೂರ ಈ ಕೆಲಸಕ್ಕೆ ಬಾರದು.

ಸಂಗಾತಿ ಶ್ವೇತ ಕುಬ್ಜವೋ ನ್ಯೂಟ್ರಾನ್ ನಕ್ಷತ್ರವೋ ಆಗಿರಲಿ. ‘ಬ್ಲ್ಯಾಕ್ ವಿಡೋ’, ‘ರೆಡ್‌ಬ್ಯಾಕ್’ ಜೋಡಿಗಳನ್ನು (ಹಗುರ ಸಂಗಾತಿಯನ್ನು ಪಲ್ಸಾರ್ ಸವೆಸುತ್ತಿರುವಂಥವು) ಬಿಡಿ, ಸಂಗಾತಿಯ ಆಕಾರ ಬದಲಾಗುತ್ತಾ ಕಕ್ಷಾವಧಿ ಅತ್ತಿತ್ತ ಓಲಾಡುತ್ತೆ. ಕ್ಯಾಟಲಾಗ್‌ನ ಪಿಎಮ್‌ಆರ್‌ಎ ಕಾಲಂನಲ್ಲಿ (ಪೂರ್ವ-ಪಶ್ಚಿಮ ದಿಕ್ಕಿನ ಸ್ವಚಲನೆ) ಕಾಸ್ ಡೆಲ್ಟಾ ಸೇರಿಯೇ ಇದೆ, ಮತ್ತೆ ಗುಣಿಸಬೇಡಿ.

ಒಂದೇ ಪಲ್ಸಾರ್ ಸಾಲದು. 2021ರಲ್ಲಿ ಖಗೋಳ ವಿಜ್ಞಾನಿ ಸುಕನ್ಯಾ ಚಕ್ರಬರ್ತಿ ತಂಡ 14 ಜೋಡಿಗಳಿಂದ ಡಿಸ್ಕ್ ನಡುವಿನ ಸಾಂದ್ರತೆ ಘನ ಪಾರ್ಸೆಕ್‌ಗೆ ಸುಮಾರು 0.08 ಸೂರ್ಯರಾಶಿ ಎಂದು ತೆಗೆದಿತ್ತು. ನಿಮ್ಮ ಉತ್ತರ ಅದರ ಹತ್ತುಪಟ್ಟು ಬಂದರೆ ಮೊದಲು ದೂರದ ಕಾಲಂ ನೋಡಿ.

ಡಿಶ್ ಆಸೆಯನ್ನೂ ಬಿಡಬೇಡಿ. ಬಿ0329+54 ಎಂಬ ಪಲ್ಸಾರ್ ಬೆಂಗಳೂರಿನಲ್ಲಿ ಉತ್ತರಕ್ಕೆ ಸುಮಾರು 48 ಡಿಗ್ರಿ ಎತ್ತರಕ್ಕೆ ಏರುತ್ತೆ. ಮೊಬೈಲ್ ಟವರಿನ ಗದ್ದಲ ಸೋಸಿ, ಗಂಟೆಗಟ್ಟಲೆ ದತ್ತಾಂಶವನ್ನು 0.7145 ಸೆಕೆಂಡಿನ ಅವಧಿಗೆ ಮಡಚಿ (ಆ ಅವಧಿಯ ತುಂಡುಗಳನ್ನು ಒಂದರ ಮೇಲೊಂದು ಕೂಡಿಸಿ) ನೋಡಿ.