ಗೋಡೆಯ ನಕ್ಷೆ ಪರದೆಗೆ ಬಂದಾಗ: ಮೊದಲು ಬ್ರೇಕರ್, ಆಮೇಲೆ ಕಿಲೋವ್ಯಾಟ್

ಪ್ರಶ್ನೆ: ನಮ್ಮ ಕ್ಯಾಂಪಸ್‌ನಲ್ಲಿ 100 ಕಿಲೋವ್ಯಾಟ್ ಸೋಲಾರ್, ಒಂದು ಬ್ಯಾಟರಿ ಬ್ಯಾಂಕ್, 125 ಕೆವಿಎ ಡೀಸೆಲ್ ಜನರೇಟರ್ ಮತ್ತು ಗ್ರಿಡ್ ಸಂಪರ್ಕ ಸೇರಿದ ಮೈಕ್ರೊಗ್ರಿಡ್ ಇದೆ. ಸಿಂಗಲ್ ಲೈನ್ ಡಯಾಗ್ರಾಂ, ಅಂದರೆ ಇಡೀ ವಿದ್ಯುತ್ ಜಾಲವನ್ನು ಒಂಟಿ ಗೆರೆಗಳಲ್ಲಿ ತೋರಿಸುವ ನಕ್ಷೆ, ಕಂಟ್ರೋಲ್ ರೂಮಿನ ಗೋಡೆಯ ಮೇಲಿದೆ. ಅದೇ ನಕ್ಷೆಯನ್ನು ಕಂಪ್ಯೂಟರ್ ಪರದೆಗೆ ತಂದು, ಆಯಾ ಕ್ಷಣದ ರೀಡಿಂಗ್ ಅದರ ಮೇಲೇ ಕಾಣುವಂತೆ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಗೋಡೆಯ ಮೇಲಿನ ಹಾಳೆಯನ್ನು ಕೈಯಲ್ಲಿ ಹಿಡಿದು ಪ್ಯಾನೆಲ್‌ಗಳ ಮುಂದೆ ಒಂದು ಸುತ್ತು ಹಾಕಿ. ಆ ನಕ್ಷೆ ಹೆಚ್ಚಾಗಿ ಟೆಂಡರ್ ಕಾಲದ್ದು. ಆಮೇಲೆ ಸೇರಿಸಿದ ಫೀಡರ್ (ಲೋಡ್‌ಗೆ ವಿದ್ಯುತ್ ಒಯ್ಯುವ ಲೈನ್), ಜಾಗ ಬದಲಿಸಿದ ಸಿ.ಟಿ. (ಮೀಟರ್‌ಗಾಗಿ ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಅದರಲ್ಲಿ ಇರುವುದಿಲ್ಲ. ತಪ್ಪು ನಕ್ಷೆಗೆ ಸರಿಯಾದ ರೀಡಿಂಗ್ ಕೂರಿಸಿದರೆ ಪರದೆ ನೋಡುವವರಿಗೆ ಕಾಗದದ ನಕ್ಷೆಗಿಂತ ದೊಡ್ಡ ಮೋಸವಾಗುತ್ತದೆ.

ಎರಡನೆಯದು, ನಕ್ಷೆಯನ್ನು ಇಡಿಯಾಗಿ ಎತ್ತಿ ತರಬೇಡಿ. ಕೇಬಲ್ ಅಳತೆ, ಫ್ಯೂಸ್ ರೇಟಿಂಗ್ ಎಲ್ಲ ಕಾಗದದಲ್ಲೇ ಇರಲಿ. ಬಸ್‌ಬಾರ್ (ಮೂಲಗಳೂ ಫೀಡರ್‌ಗಳೂ ಬಂದು ಕೂಡುವ ಲೋಹದ ಪಟ್ಟಿ), ಬ್ರೇಕರ್‌ಗಳು, ಮೂಲಗಳು, ಮುಖ್ಯ ಫೀಡರ್‌ಗಳು ಇಷ್ಟು ಪರದೆಗೆ ಸಾಕು. ಬದಲಾಗದ ವಸ್ತುವಿಗೆ ಅಲ್ಲಿ ಕೆಲಸವಿಲ್ಲ.

ಎಲ್ಲರೂ ಮೀಟರ್ ರೀಡಿಂಗ್‌ನಿಂದ ಶುರು ಮಾಡುತ್ತಾರೆ. ನಾನು ಬ್ರೇಕರ್ ಸ್ಥಿತಿಯಿಂದ ಶುರು ಮಾಡಿ ಎನ್ನುತ್ತೇನೆ. ಗ್ರಿಡ್ ಜತೆ ಸೇರಿದ್ದೇವೆಯೋ, ಕಡಿದುಕೊಂಡು ದ್ವೀಪದಂತೆ ಒಂಟಿಯಾಗಿ ನಡೆಯುತ್ತಿದ್ದೇವೆಯೋ ಎಂಬುದು ಮೈಕ್ರೊಗ್ರಿಡ್‌ನಲ್ಲಿ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದು ಗ್ರಿಡ್ ಕೂಡುವ ಜಾಗದ ಬ್ರೇಕರ್. ಅದರಿಂದ ಒಂದಲ್ಲ, ಎರಡು ಆಕ್ಸಿಲರಿ ಕಾಂಟ್ಯಾಕ್ಟ್ (ಬ್ರೇಕರ್ ಜತೆಗೇ ಚಲಿಸಿ ಅದರ ಸ್ಥಿತಿ ಹೇಳುವ ಸಣ್ಣ ಸ್ವಿಚ್) ತನ್ನಿ: ಬ್ರೇಕರ್ ಆನ್ ಇದ್ದಾಗ ಕೂಡುವುದು ಒಂದು, ಆಫ್ ಇದ್ದಾಗ ಕೂಡುವುದು ಇನ್ನೊಂದು. ಎರಡೂ ಒಟ್ಟಿಗೇ ಕೂಡಿದ್ದರೆ ಅಥವಾ ಒಟ್ಟಿಗೇ ಬಿಟ್ಟಿದ್ದರೆ ಬ್ರೇಕರ್ ಅರ್ಧದಲ್ಲಿ ನಿಂತಿದೆ, ಇಲ್ಲವೇ ತಂತಿ ಕಳಚಿದೆ. ಒಂದೇ ಕಾಂಟ್ಯಾಕ್ಟ್ ನಂಬಿದವರಿಗೆ ಕಡಿದ ತಂತಿಯೂ ‘ಬ್ರೇಕರ್ ಆಫ್’ ಎಂದೇ ಕಾಣುತ್ತದೆ. ಈ ಬ್ರೇಕರ್‌ನ ಎರಡೂ ಬದಿಯ ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ಕೂಡ ನಕ್ಷೆಯಲ್ಲಿರಲಿ. ಒಂದು ಬದಿ 50.00, ಇನ್ನೊಂದು 50.18 ಹರ್ಟ್ಸ್ ಎಂದು ಬೇರೆ ಬೇರೆಯಾಗಿ ಓಡುತ್ತಿದ್ದರೆ ಕಡಿದುಕೊಂಡಿದ್ದೇವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಮೀಟರ್‌ಗಳು. ಹೆಚ್ಚಿನ ಮೀಟರ್‌ಗಳು ಆರ್‌ಎಸ್-485 ತಂತಿಯಲ್ಲಿ ಮೋಡ್‌ಬಸ್ ಮಾತಾಡುತ್ತವೆ. 1979ರಷ್ಟು ಹಳೆಯ ಭಾಷೆ, ಸಾಯುವ ಲಕ್ಷಣವಿಲ್ಲ. ಇಲ್ಲಿ ಎರಡು ಕಡೆ ಎಡವುತ್ತೀರಿ. ಕೈಪಿಡಿಯಲ್ಲಿ 40001 ಎಂದಿರುವ ರಿಜಿಸ್ಟರ್ (ಮೀಟರ್ ತನ್ನ ಅಳತೆ ಇಡುವ ಮನೆ) ತಂತಿಯ ಮೇಲೆ ಹೋಗುವುದು ಸೊನ್ನೆಯಾಗಿ. ಒಂದು ಮನೆ ತಪ್ಪಿದರೆ ವೋಲ್ಟೇಜ್ ಜಾಗದಲ್ಲಿ ಪಕ್ಕದ ಅಳತೆ ಬಂದು ಕೂರುತ್ತದೆ. ಎರಡನೆಯದು, 32 ಬಿಟ್ ಸಂಖ್ಯೆ ಬರುವುದು ಎರಡು 16 ಬಿಟ್ ತುಂಡುಗಳಾಗಿ. ಯಾವ ತುಂಡು ಮೊದಲು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಅದಲು ಬದಲಾದರೆ 230 ವೋಲ್ಟ್ ಇರಬೇಕಾದ ಕಡೆ ಒಮ್ಮೆ 0.00, ಇನ್ನೊಮ್ಮೆ ಹತ್ತಾರು ಅಂಕೆಗಳ ಹುಚ್ಚು ಸಂಖ್ಯೆ. ಮೀಟರ್ ಕೆಟ್ಟಿದೆ ಎಂದು ಬಿಚ್ಚುವ ಮೊದಲು ಈ ಸೆಟ್ಟಿಂಗ್ ತಿರುಗಿಸಿ ನೋಡಿ.

ವೇಗದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಒಂದು ಮೀಟರ್‌ನಿಂದ 50 ರಿಜಿಸ್ಟರ್ ಓದಲು ಪ್ರಶ್ನೆಗೆ 8 ಬೈಟ್, ಉತ್ತರಕ್ಕೆ 105 ಬೈಟ್. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಇದಕ್ಕೆ ಸುಮಾರು 0.13 ಸೆಕೆಂಡ್ ಬೇಕು. ಒಂದೇ ತಂತಿಯಲ್ಲಿ ಹತ್ತು ಮೀಟರ್ ಇದ್ದರೆ 1.3 ಸೆಕೆಂಡ್, ಮೀಟರ್ ಉತ್ತರಿಸಲು ತೆಗೆದುಕೊಳ್ಳುವ ಸಮಯ ಬೇರೆ. ಒಂದು ಮೀಟರ್ ಸತ್ತು, ಕಾಯುವ ಅವಧಿ ಒಂದು ಸೆಕೆಂಡ್, ಮತ್ತೆ ಮೂರು ಸಲ ಪ್ರಯತ್ನ ಎಂದಿಟ್ಟಿದ್ದರೆ ಪ್ರತಿ ಸುತ್ತಿಗೆ ನಾಲ್ಕು ಸೆಕೆಂಡ್ ದಂಡ. ಕಣ್ಣಿಂದ ನೋಡುವವರಿಗೆ ಒಂದೆರಡು ಸೆಕೆಂಡ್ ತಡವಾದರೆ ಕೇಡಿಲ್ಲ; ದೋಷ ಕಂಡಾಗ ಬ್ರೇಕರ್ ಬೀಳಿಸುವುದು (ಟ್ರಿಪ್) ರಕ್ಷಣಾ ರಿಲೇ ಕೆಲಸ, ಪರದೆಯದಲ್ಲ. ಆದರೆ ಬ್ರೇಕರ್ ಸ್ಥಿತಿಯನ್ನು ಈ ಸರದಿಯಲ್ಲಿ ನಿಲ್ಲಿಸಬೇಡಿ. ಅದನ್ನು ಡಿಜಿಟಲ್ ಇನ್‌ಪುಟ್ ಮಾಡ್ಯೂಲ್‌ಗೆ ನೇರ ತಂದು, ಅಲ್ಲಿಯೇ ಮಿಲಿಸೆಕೆಂಡ್ ಲೆಕ್ಕದಲ್ಲಿ ಸಮಯದ ಮುದ್ರೆ ಒತ್ತಿಸಿ. ಒಂದಾದ ಮೇಲೊಂದು ಬ್ರೇಕರ್ ಬಿದ್ದಾಗ ಯಾವುದು ಮೊದಲು ಬಿತ್ತು ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಕಡೆಯದಾಗಿ ಒಂದು ಪರೀಕ್ಷೆ. ಓಡುತ್ತಿರುವ ಮೀಟರ್‌ನ ಸಂವಹನ ತಂತಿಯನ್ನಷ್ಟೇ ಕಿತ್ತು ಪರದೆ ನೋಡಿ. ರಾತ್ರಿ ಒಂಬತ್ತಕ್ಕೆ ಸೋಲಾರ್ 48 ಕಿಲೋವ್ಯಾಟ್ ಕೊಡುತ್ತಿದ್ದ ಪರದೆಯನ್ನು ನಾನು ಕಂಡಿದ್ದೇನೆ. ಮಧ್ಯಾಹ್ನವೇ ಸಂಪರ್ಕ ಹೋಗಿತ್ತು, ಕೊನೆಯ ಸಂಖ್ಯೆ ಹಾಗೇ ಅಂಟಿಕೊಂಡಿತ್ತು. ಹತ್ತು ಸೆಕೆಂಡ್ ಹೊಸ ರೀಡಿಂಗ್ ಬರದಿದ್ದರೆ ಸಂಖ್ಯೆ ಬೂದು ಬಣ್ಣಕ್ಕೆ ತಿರುಗಿ, ಕೊನೆಗೆ ಬಂದ ಸಮಯ ಪಕ್ಕದಲ್ಲಿ ಕಾಣಬೇಕು.

ಪ್ರಶ್ನೆ: ಪರದೆ ಸಿದ್ಧವಾಗಿದೆ, ಆದರೆ ಲೆಕ್ಕ ಕೂಡುತ್ತಿಲ್ಲ. ಸೋಲಾರ್ 62, ಬ್ಯಾಟರಿ ಚಾರ್ಜ್‌ಗೆ 20, ಲೋಡ್ 70 ಕಿಲೋವ್ಯಾಟ್. ಗ್ರಿಡ್‌ಗೆ 28 ಕಿಲೋವ್ಯಾಟ್ ಹೊರಗೆ ಹೋಗುತ್ತಿದೆ ಎಂದು ತೋರಿಸುತ್ತಿದೆ. ಯಾವ ಮೀಟರ್ ಸುಳ್ಳು ಹೇಳುತ್ತಿದೆ?

ಉತ್ತರ: ಬಸ್‌ಬಾರ್‌ಗೆ ಬರುವುದನ್ನು ಕೂಡಿ, ಹೋಗುವುದನ್ನು ಕಳೆಯಿರಿ. 62ರಲ್ಲಿ 20 ಮತ್ತು 28 ಹೋದರೆ ಉಳಿಯುವುದು 14. ಲೋಡ್ 70. ವ್ಯತ್ಯಾಸ 56, ಅಂದರೆ ಸರಿಯಾಗಿ 28ರ ಎರಡರಷ್ಟು. ಕಳ್ಳ ಸಿಕ್ಕಿದ: ಗ್ರಿಡ್ ಮೀಟರ್‌ನ ಮೂರೂ ಸಿ.ಟಿ.ಗಳು ಉಲ್ಟಾ ಕೂತಿವೆ, ಅಥವಾ ಆ ಮೀಟರ್‌ನ ಚಿಹ್ನೆ ತಿರುಗಿದೆ. ನಿಜಕ್ಕೂ ನೀವು 28 ಕಿಲೋವ್ಯಾಟ್ ಗ್ರಿಡ್‌ನಿಂದ ಎಳೆಯುತ್ತಿದ್ದೀರಿ. ಒಂದೇ ಫೇಸ್‌ನ ಸಿ.ಟಿ. ಉಲ್ಟಾ ಆಗಿ, ಮೂರೂ ಫೇಸ್‌ನಲ್ಲಿ ಲೋಡ್ ಸಮವಾಗಿದ್ದರೆ 28ರ ಬದಲು 9 ಚಿಲ್ಲರೆ ಕಾಣುತ್ತಿತ್ತು. ಅದನ್ನು ಹಿಡಿಯುವುದು ಕಷ್ಟ, ಏಕೆಂದರೆ ಸಂಖ್ಯೆ ನಂಬುವಂತೆಯೇ ಇರುತ್ತದೆ.

ಸಾಫ್ಟ್‌ವೇರ್‌ನಲ್ಲಿ ಮೈನಸ್ ಹಾಕಿ ಮುಗಿಸುವ ಆಸೆ ಬರುತ್ತದೆ. ಬೇಡ. ಮೀಟರ್ ಒಳಗಿನ ಯೂನಿಟ್ ಲೆಕ್ಕದಲ್ಲಿ ಎಳೆದದ್ದು ಕೊಟ್ಟದ್ದರ ಖಾತೆಗೇ ಹೋಗುತ್ತಿರುತ್ತದೆ. ತಂತಿಯನ್ನೇ ಸರಿಮಾಡಿಸಿ. ಆದರೆ ಕರೆಂಟ್ ಹರಿಯುತ್ತಿರುವಾಗ ಸಿ.ಟಿ.ಯ ಸೆಕೆಂಡರಿ (ಮೀಟರ್ ಕಡೆಯ ಸುತ್ತು) ತೆರೆದರೆ ಅಪಾಯಕಾರಿ ವೋಲ್ಟೇಜ್ ಏಳುತ್ತದೆ. ಲೈನ್ ಬಂದ್ ಮಾಡಿ, ಇಲ್ಲವೇ ಸೆಕೆಂಡರಿಯ ಎರಡು ತುದಿ ಕೂಡಿಸುವ ಶಾರ್ಟಿಂಗ್ ಲಿಂಕ್ ಹಾಕಿದ ಮೇಲೆಯೇ ಕೈಯಿಡಲಿ.

ಒಟ್ಟು ಕೂಡಿಸಿ ಕಳೆದ ಉಳಿಕೆಯನ್ನು ನಕ್ಷೆಯ ಮೂಲೆಯಲ್ಲಿ ಯಾವಾಗಲೂ ತೋರಿಸಿ. ಒಂದೆರಡು ಕಿಲೋವ್ಯಾಟ್ ಇದ್ದರೆ ನಷ್ಟ ಎನ್ನಿ. ಇದ್ದಕ್ಕಿದ್ದಂತೆ ಹತ್ತಾದರೆ ಯಾವುದೋ ಮೀಟರ್ ನೋಡಬೇಕಾಗಿದೆ.

ಪ್ರಶ್ನೆ: ಇದೇ ಪರದೆಯಿಂದ ಬ್ರೇಕರ್ ಆನ್, ಆಫ್ ಮಾಡಬಹುದೇ?

ಉತ್ತರ: ಮಾಡಬಹುದು, ಕೆಲವು ತಿಂಗಳು ರೀಡಿಂಗ್ ಸರಿಬಂದ ಮೇಲೆ. ಗ್ರಿಡ್ ಬ್ರೇಕರ್ ಆನ್ ಮಾಡುವ ಆಜ್ಞೆ ಮಾತ್ರ ಸಿಂಕ್ ಚೆಕ್ ರಿಲೇ (ಎರಡೂ ಬದಿಯ ವಿದ್ಯುತ್ ಹೊಂದಿದಾಗ ಮಾತ್ರ ಆನ್ ಮಾಡಲು ಬಿಡುವ ರಿಲೇ) ದಾಟಿಯೇ ಹೋಗಬೇಕು. ನಿಮ್ಮಂಥ ಸಣ್ಣ ವ್ಯವಸ್ಥೆಗೆ, ಅಂದರೆ 500 ಕೆವಿಎ ಒಳಗೆ, ಐಇಇಇ 1547 ಮಾನದಂಡ ಕೊಡುವ ಮಿತಿ ಫ್ರೀಕ್ವೆನ್ಸಿಯಲ್ಲಿ 0.3 ಹರ್ಟ್ಸ್, ವೋಲ್ಟೇಜ್‌ನಲ್ಲಿ ಶೇ 10, ಫೇಸ್ ಕೋನದಲ್ಲಿ 20 ಡಿಗ್ರಿ ವ್ಯತ್ಯಾಸ. ಪ್ಯಾನೆಲ್ ಮೇಲಿನ ಲೋಕಲ್–ರಿಮೋಟ್ ಸ್ವಿಚ್ ಲೋಕಲ್‌ನಲ್ಲಿದ್ದರೆ ಪರದೆಯ ಬಟನ್ ಸತ್ತಂತಿರಬೇಕು. ಪರದೆಯಲ್ಲಿ ‘ಆಫ್’ ಕಂಡಿತೆಂದು ಯಾರೂ ಬಸ್‌ಬಾರ್ ಮುಟ್ಟಕೂಡದು. ಬೀಗ ಹಾಕಿ, ಟೆಸ್ಟರ್‌ನಿಂದ ಮೂರೂ ಫೇಸ್ ನೋಡಿ, ಅರ್ಥ್ ಮಾಡಿದ ಮೇಲೆಯೇ ಕೆಲಸ.