ಮನೆಯಿಂದ ಮಾಡಿದ ಕೆಲಸ ರಜೆ ಲೆಕ್ಕಕ್ಕೆ ಬಿದ್ದಿದ್ದರೆ

2020ರ ಕೋವಿಡ್ ಸಮಯದಲ್ಲಿ ನಿಮ್ಮ ವಿಶ್ವವಿದ್ಯಾಲಯದಲ್ಲಿ ಪಾಳಿ ಪ್ರಕಾರ ಮನೆಯಿಂದ ಕೆಲಸ ಮಾಡಿದ ದಿನಗಳು ಈಗ ರಜೆ ಖಾತೆಯಲ್ಲಿ ಕಡಿತವಾಗಿ ಕಾಣಿಸುತ್ತಿವೆ ಅಂದ್ರಲ್ಲ, ಬಹುಶಃ ನಿಮ್ಮ ವಿಭಾಗದ ಪಾಳಿ ಪಟ್ಟಿ ಸಿಬ್ಬಂದಿ ಶಾಖೆಗೆ ತಲುಪಿಯೇ ಇಲ್ಲ. ನಮ್ಮ ಕಚೇರಿಯಲ್ಲೂ ಇದೇ ಆಗಿತ್ತು. ವಿಭಾಗದ ಮುಖ್ಯಸ್ಥರು ಬಾಯಿಮಾತಲ್ಲಿ ಹೇಳಿದ್ದು ಹಾಜರಾತಿ ಪುಸ್ತಕಕ್ಕೆ ಗೊತ್ತಾಗಲ್ಲ ಅಲ್ವಾ!

ಮೊದಲು ಆ ವರ್ಷದ ಕುಲಸಚಿವರ (ರಿಜಿಸ್ಟ್ರಾರ್) ಸುತ್ತೋಲೆ ಹುಡುಕಿ. ಮನೆಯಿಂದ ಮಾಡಿದ್ದನ್ನೂ ಕರ್ತವ್ಯ ಎಂದು ಪರಿಗಣಿಸುವ ಸಾಲು ಅದರಲ್ಲಿದ್ದರೆ ಅರ್ಧ ಕೆಲಸ ಮುಗೀತು. ಆಮೇಲೆ ದಿನಾಂಕವಾರು ಒಂದು ಪಟ್ಟಿ ಮಾಡಿ. ಪ್ರತಿ ದಿನದ ಎದುರಿಗೆ ಅವತ್ತು ಕಳಿಸಿದ ಇಮೇಲ್, ಸಹಿ ಹಾಕಿದ ಕಡತ, ಆನ್‌ಲೈನ್ ಸಭೆ, ಏನಿದೆಯೋ ಬರೆಯಿರಿ. ವಾಟ್ಸಾಪ್ ಸಂದೇಶ ಜೊತೆಗಿರಲಿ, ಅದೊಂದನ್ನೇ ನಂಬಿಕೊಳ್ಳಬೇಡಿ.

ಹಳೇ ಮುಖ್ಯಸ್ಥರು ನಿವೃತ್ತರಾಗಿದ್ದರೆ ಈಗಿನವರು ದಾಖಲೆ ನೋಡಿ ದೃಢೀಕರಿಸಬಹುದು. ಒಪ್ಪುತ್ತಾರಾ ಅನ್ನುವುದು ಅವರ ಮೇಲೇ ಬಿಟ್ಟದ್ದು. ಹಾಗಾಗಿ ಪಟ್ಟಿಯನ್ನು ಸಹಿಗೆ ತಯಾರಾಗಿಟ್ಟುಕೊಂಡೇ ಹೋಗಿ.

ಕ್ವಾರಂಟೈನ್ ದಿನಗಳನ್ನು ಇದರ ಜೊತೆ ಸೇರಿಸಬೇಡಿ. ಅವಕ್ಕೆ ಬೇರೆ ನಿಯಮ ಇರಬಹುದು, ಎರಡನ್ನೂ ಬೆರೆಸಿದರೆ ಇಡೀ ಅರ್ಜಿ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಮನವಿಯನ್ನು ಮುಖ್ಯಸ್ಥರ ಮೂಲಕವೇ ಕುಲಸಚಿವರಿಗೆ ಕಳಿಸಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.