ಉಳ್ಳಾಗಡ್ಡಿ ದರ ಯಾವಾಗ ಏರುತ್ತದೆ ಅಂತ ಮೊದಲೇ ತಿಳಿದುಕೊಂಡು ಲಾಭ ಮಾಡುವುದು ಹೇಗೆ?

2023ರಲ್ಲಿ ನಾನೂ ಇದನ್ನೇ ಹುಡುಕುತ್ತಿದ್ದೆ.

ನಮ್ಮ ಹೊಲ ವಿಜಯಪುರ ಜಿಲ್ಲೆಯ ಕೊಲ್ಹಾರದ ಕಡೆ. ಆ ವರ್ಷ ಮಳೆ ಕೈಕೊಟ್ಟಿತ್ತು. ಬೋರ್ ನೀರಿನ ಮೇಲೆ ನಮ್ಮ ಉಳ್ಳಾಗಡ್ಡಿ ಚೆನ್ನಾಗಿ ಬಂತು, ದರವೂ ಮೇಲಿತ್ತು. ನವೆಂಬರ್‌ನಲ್ಲಿ ಕಿತ್ತಾಗ ದಲಾಲಿ ಅಂಗಡಿಯವರು "ಕಳಿಸಿಬಿಡ್ರಿ ಅಣ್ಣಾರ" ಅಂದರು. ಇನ್ನೂ ಏರುತ್ತದೆ ಅಂತ ನಾನು ಒಂದು ಚೀಲವನ್ನೂ ಬಿಡಲಿಲ್ಲ. ಡಿಸೆಂಬರ್ 8ರಿಂದ ಕೇಂದ್ರ ಸರ್ಕಾರ ರಫ್ತು ನಿಲ್ಲಿಸಿತು. ದರ ದಬಕ್ಕನೆ ಬಿತ್ತು.

ನಿಷೇಧ ಬರುವುದನ್ನು ಊಹಿಸಬೇಕಿತ್ತು ಅಂತ ಊರೆಲ್ಲ ಬುದ್ಧಿ ಹೇಳಿತು. ಸುಮ್ನೆ ಮಾತು. 2019, 2020ರಲ್ಲೂ ರಫ್ತು ನಿಂತಿತ್ತು, 2023ರ ಆಗಸ್ಟ್‌ನಲ್ಲಿ ಶೇ 40 ಸುಂಕ ಬಿದ್ದಿತ್ತು. ಆದರೂ ಇಂಥ ದಿನವೇ ಅಂತ ಯಾರಿಗೆ ಗೊತ್ತಿತ್ತು? ನಾನು ಹಾಳಾದದ್ದು, ಇಟ್ಟರೆ ಬಾಳದ ಮಾಲನ್ನು ಇಟ್ಟುಕೊಂಡು ಕಾದಿದ್ದಕ್ಕೆ. ಮುಂಗಾರಿ ಗಡ್ಡೆಯಲ್ಲಿ ನೀರು ಜಾಸ್ತಿ, ಕುತ್ತಿಗೆ ದಪ್ಪ, ಸರಿಯಾಗಿ ಒಣಗುವುದಿಲ್ಲ. ಹಿಂಗಾರಿಯದು ಗಾಳಿಯಾಡುವ ಶೆಡ್ಡಿನಲ್ಲಿ ನಾಲ್ಕೈದು ತಿಂಗಳು ಇರುತ್ತದೆ, ಇದು ಕೆಲವೇ ವಾರ. ರಾಶಿಯೊಳಗೆ ಕೈ ಹಾಕಿದರೆ ಬಿಸಿ, ಬೆರಳಿಗೆಲ್ಲ ಲೋಳೆ. ಮೇಲಿನವು ಮೊಳಕೆ ಒಡೆದಿದ್ದವು. ಜೊತೆಗೆ ಸಾಲದ ಬಡ್ಡಿ. ದರ ಏರಿದ್ದರೂ ಕೊಳೆತದ್ದು ಕಳೆದು ನನಗೆ ಸಿಗುತ್ತಿದ್ದದ್ದು ಚೂರುಪಾರು. ಬಿದ್ದರೆ ಪೂರ್ತಿ ನಷ್ಟ. ಆ ಲೆಕ್ಕವನ್ನೇ ನಾನು ಹಾಕಿರಲಿಲ್ಲ.

ಹಾಗಾಗಿ ದರ ಊಹಿಸುವುದನ್ನು ಬಿಡಿ. ಏರಿಳಿತದಲ್ಲಿ ದುಡಿಯುವವರು ಎರಡು ದಾರಿ ಇಟ್ಟುಕೊಂಡವರು. ತಿಕೋಟಾ ಕಡೆಯ ದ್ರಾಕ್ಷಿಯವರನ್ನು ನೋಡಿ. ಹಸಿ ಹಣ್ಣಿಗೆ ದರ ಇದ್ದರೆ ಮಾರುತ್ತಾರೆ, ಇಲ್ಲವಾದರೆ ಒಣದ್ರಾಕ್ಷಿ ಮಾಡುತ್ತಾರೆ. ಸುಮಾರು ನಾಲ್ಕು ಕೆಜಿ ಹಣ್ಣಿಗೆ ಒಂದು ಕೆಜಿ. ಕೋಲ್ಡ್ ಸ್ಟೋರೇಜ್‌ನಲ್ಲಿ ತಿಂಗಳುಗಟ್ಟಲೆ ಇಡಬಹುದು. 2020ರ ಲಾಕ್‌ಡೌನ್‌ನಲ್ಲಿ ಹಣ್ಣು ಕೊಳ್ಳುವವರೇ ಇಲ್ಲದಾಗ ಹಲವರು ಬಚಾವಾದದ್ದು ಹೀಗೆ. (ಒಣಗಿಸುವಾಗ ಮಳೆ ಹೊಡೆದರೆ ಅದೂ ಕಪ್ಪಾಗುತ್ತದೆ, ಆ ಮಾತು ಬೇರೆ.)

ಈಗ ನಾನು ಮುಂಗಾರಿ ಗಡ್ಡೆಯನ್ನು ಕಿತ್ತು ಒಣಗಿಸಿದ ಕೂಡಲೇ ಮಾರುತ್ತೇನೆ, ದರ ಏನೇ ಇರಲಿ. ಹಿಂಗಾರಿಯದರಲ್ಲಿ ಅರ್ಧ ಮಾರಿ ಸಾಲ ತೀರಿಸಿ, ಉಳಿದರ್ಧ ಇಡುತ್ತೇನೆ. ಅದಷ್ಟೂ ಕೊಳೆತರೂ ಮನೆ ನಡೆಯುತ್ತದೆ. ಏರಿತೋ, ಅದು ಪೂರಾ ಲಾಭ. ಸಾಲ ತಂದು ಮಾಲು ಹಿಡಿಯುವುದಂತೂ ಬೇಡವೇ ಬೇಡ. ವಾಟ್ಸಾಪ್‌ನಲ್ಲಿ ದರದ ಭವಿಷ್ಯ ಹೇಳುವವರು ನಿಮ್ಮ ಬಡ್ಡಿ ಕಟ್ಟುವುದಿಲ್ಲ, ಅಲ್ವಾ?

ನಿಮ್ಮ ಶೆಡ್ಡಿನಲ್ಲಿರುವುದು ಮುಂಗಾರಿ ಗಡ್ಡೆಯಾದರೆ ಉಳಿದ ಉತ್ತರಗಳನ್ನು ಆಮೇಲೆ ಓದಿ, ಮೊದಲು ದಲಾಲಿಗೆ ಫೋನ್ ಮಾಡಿ.